ಐವತ್ತರ ಮೊದಲು ನಿಂತ ಸಾಲು

ಸಹೃದಯ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ಕಾಲವನ್ನು ಅಪಹರಿಸುತ್ತಿರುವುದಕ್ಕಾಗಿ ಮೊದಲಿಗೆ ಕ್ಷಮೆ ಯಾಚಿಸಿ, ವಿನಮ್ರನಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ — ಯಾವ ವಾಚಕರು, ಯಾವ ಮಹಾಶಯರು, ಇಲ್ಲಿ ಕುಳಿತಿರುವವನು ನಾನೊಬ್ಬನೇ, ಎದುರಿಗೆ ಅಕ್ಕನ ಗಾಜಿನ ಭಟ್ಟಿ, ಅದರ ಹಣೆಯ ಮೇಲೆ ಒಳಗಿನ ಶಾಖ ತೋರಿಸುತ್ತಾ ಕೆಂಪಗೆ ಉರಿಯುವ ಅಂಕಿ, ಇನ್ನೂರ ಹನ್ನೆರಡು, ಇನ್ನೂರ ಹನ್ನೊಂದು, ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಅಂಕಿಯನ್ನು ಅರ್ಧ ಅಳಿಸಿಹಾಕಿದೆ, ತಲೆ ವಾರೆ ಮಾಡಿದರೆ ಮಾತ್ರ ಕಾಣುತ್ತದೆ; ಬಸ್ ನಿಲ್ದಾಣಗಳ ಅಗ್ಗದ ಕಾದಂಬರಿಗಳನ್ನು ಓದಿಯೇ ಅಕ್ಷರವಂತನಾದವನ ಮನಸ್ಸು ಗಾಬರಿಯಾದಾಗಲೆಲ್ಲ ಹೀಗೆ ಕೈಮುಗಿದುಕೊಂಡು ಮಾತಿಗೆ ತೊಡಗುತ್ತದೆ, ಮತ್ತು ಈಗ ನನಗೆ ಗಾಬರಿಯಾಗಿದೆ, ಏಕೆಂದರೆ ಮಡಿಲಲ್ಲಿರುವ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದೇ ಒಂದು ಸಾಲನ್ನು ಕಂಡಿದ್ದೇನೆ, ಕಂಡಮೇಲೆ ಕಾಣದವನಂತೆ ಇರಲು ಬರುವುದಿಲ್ಲ. ಹಿಂಬದಿಯ ಅಂಗಳದಲ್ಲಿ ಸಾಣೆಚಕ್ರ ಗರ್ರೆನ್ನುತ್ತಿದೆ, ಅಕ್ಕ ಯಾವುದೋ ತಟ್ಟೆಯ ಅಂಚು ಹಿಡಿದಿದ್ದಾಳೆ, ನೀರು ಹನಿಯುತ್ತಿದೆ; ಬಾವ ತೊಟ್ಟಿಯ ಪಕ್ಕದಲ್ಲಿ ತಮ್ಮ ಸ್ಟೂಲಿನ ಮೇಲೆ — ಆ ಸ್ಟೂಲು ಮೊದಲು ಇಲ್ಲಿತ್ತು, ಭಟ್ಟಿಯ ಬಲಕ್ಕೆ, ನೆಲದ ಮೇಲೆ ಅದರ ಮೂರು ಕಾಲುಗಳ ಗುರುತು ಇನ್ನೂ ಮಾಸಿಲ್ಲ, ಅಕ್ಕನೇ ಅದನ್ನೆತ್ತಿ ದೂರ ಇಟ್ಟಳಂತೆ, ಬಾವ ಸ್ಟೂಲಿನ ಹಿಂದೆಯೇ ಹೋಗಿ ಕುಳಿತರಂತೆ. ನಿನ್ನೆ ಬೆಳಿಗ್ಗೆ ನೋಡಿದೆನಲ್ಲ, ಭಟ್ಟಿ ತಣ್ಣಗಿತ್ತು, ಖಾಲಿಯಿತ್ತು, ಬಾವ ಧೂಳು ಒರೆಸುತ್ತಾ ಒರೆಸುತ್ತಾ ಬಂದವರು ಬಾಗಿಲ ಹಿಡಿಯ ಬಳಿ ಬಂದಾಗ ಕೈ ಚಾಚಿದರು, ಚಾಚಿದ ಕೈ ಹಿಡಿಗೆ ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ನಿಂತುಬಿಟ್ಟಿತು, ಬೆರಳುಗಳು ಹಿಡಿಯ ಆಕಾರಕ್ಕೆ ಬಾಗಿದ್ದವು, ಹಿಡಿಯಲು ಏನೂ ಇರಲಿಲ್ಲ. ಏನ್ ಬಾವ? ಏನಿಲ್ಲ ಕಣಯ್ಯ, ಒರೆಸಿದೆ ಅಂತ ಅಂದ್ಕೊಂಡೆ, ಒರೆಸಿದ್ದೀನಲ್ವಾ?

ಇನ್ನೂರ ಎಂಟು. ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದ ಕೈ ಅದು, ಹಲಗೆಯ ಮೇಲೆ ಒಂದೇ ಏಟಿಗೆ ದುಂಡಗಿನ ವೃತ್ತ ಬರೆಯುತ್ತಿದ್ದ ಕೈ, ನಿವೃತ್ತಿಯ ಮೇಲೆ ಅಕ್ಕನ ಗಾಜಿನ ಬೇಸಿನ್ನುಗಳ ತಳದಲ್ಲಿ ಎಲೆ, ಮೀನು, ನೀರಿನ ಸುಳಿ ಕೊರೆಯುತ್ತಿದ್ದ ಕೈ. ನಿಮ್ಮಕ್ಕ ಈ ಭಟ್ಟಿಗೆ ಕೊಡೋ ಮರ್ಯಾದೇಲಿ ಕಾಲು ಭಾಗ ನನಗೆ ಕೊಟ್ಟಿದ್ರೆ ನಾನೂ ಇಷ್ಟು ಹೊತ್ತಿಗೆ ಫಳಫಳ ಹೊಳೀತಿದ್ದೆ ಕಣಯ್ಯ ಎಂದು ನಗುತ್ತಿದ್ದರು, ಒಳಗಿನಿಂದ ಅಕ್ಕ, ಅದು ಹೇಳಿದ ಮಾತು ಕೇಳುತ್ತೆ, ನೀವು ಕೇಳ್ತೀರಾ ಎಂದು ಕೂಗುತ್ತಿದ್ದಳು, ಆಗ ಅದು ನಗೆಯ ಮಾತಾಗಿತ್ತು. ಆಮೇಲೆ ಬೇಸಿನ್ನುಗಳು ಒಡೆಯತೊಡಗಿದವು. ಇಲ್ಲಿ ಅಲ್ಲ, ಇಲ್ಲಿಂದ ಹೊರಡುವಾಗ ಒಂದು ಗೆರೆಯೂ ಇರುವುದಿಲ್ಲ, ಗಿರಾಕಿಯ ಮನೆಯಲ್ಲಿ ಗೋಡೆಗೆ ಕೂತು, ನಲ್ಲಿಯ ನೀರು ಬಿದ್ದು, ಎಲ್ಲರೂ ಮೆಚ್ಚಿ, ಆಮೇಲೆ ಒಂದು ದಿನ ಯಾರೂ ಮುಟ್ಟದೆ, ಟಪ್ ಎಂದು, ಎರಡು ಹೋಳು. ಹೊಲಿಗೆಯಮ್ಮನ ಮನೆಯಲ್ಲಿ ಮಾತ್ರ ಆಕೆ ಕೈ ತೊಳೆಯುತ್ತಿದ್ದಾಗಲೇ ಒಡೆಯಿತು, ಹೆಬ್ಬೆರಳಿನ ಬುಡ ಸೀಳಿತು, ಕತ್ತರಿ ಹಿಡಿಯುವ ಕೈ, ಇನ್ನೂ ಕತ್ತರಿ ಹಿಡಿದಿಲ್ಲ. ಅಕ್ಕ ಹೋಳುಗಳನ್ನು ತಂದು ಬೆಳಕಿಗೆ ಹಿಡಿದು ನೋಡಿ, ಇದು ಬಿಸಿ ಇದ್ದಾಗ ತಣ್ಣನೆ ಗಾಳಿ ತಾಗಿದ ಗಾಜು ಎಂದಳಂತೆ, ಅದು ಸರಿ, ಅವಳ ಕಣ್ಣು ಅದರಲ್ಲಿ ತಪ್ಪುವುದಿಲ್ಲ, ದಪ್ಪ ತಳದ ಗಾಜು ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ ತಣಿಯಬೇಕು, ಅವಸರದಲ್ಲಿ ಗಾಳಿ ಹೊಕ್ಕರೆ ಒಳಗೊಂದು ಬಿರುಕು ಕಣ್ಣಿಗೆ ಕಾಣದಂತೆ ಅವಿತು ಕೂರುತ್ತದೆ. ಹಾಗಾದರೆ ಬಾಗಿಲು ತೆರೆದವರು ಯಾರು, ತಾನು ಮಾಲು ತಲುಪಿಸಲು ಹೋದಾಗ ಭಟ್ಟಿಯ ಮುಂದೆ ಕುಳಿತಿರುವವರು ಯಾರು, ಇಡೀ ಮನೆಯಲ್ಲಿ ಇರುವುದು ಇಬ್ಬರು. ರೀ, ತೆಗೆದ್ರಾ? ಇಲ್ಲ ಕಣೇ. ಸರಿಯಾಗಿ ನೆನಪು ಮಾಡ್ಕೊಳ್ಳಿ. ಇಲ್ಲ ಅಂದ್ನಲ್ಲ. ಎರಡನೆಯದು ಒಡೆದಾಗ, ಇಲ್ಲ ಅನ್ಸುತ್ತೆ. ಮೂರನೆಯದಕ್ಕೆ, ತೆಗೆದಿರ್ತೀನೇನೋ. ಈಗ ಮನೆಯಲ್ಲಿ ಓಡಾಡುವಾಗ ಬಾವ ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆ, ಗ್ಯಾಸ್ ಆರಿಸಿದೆ, ನಲ್ಲಿ ನಿಲ್ಲಿಸಿದೆ, ಚಪ್ಪಲಿ ಬಿಟ್ಟೆ, ಯಾರನ್ನೋ ಸಾಕ್ಷಿಗೆ ಕರೆಯುವವರ ಹಾಗೆ, ಗೋಡೆಗೆ ಹೇಳುತ್ತಾರೆ. ಭಟ್ಟಿಯ ಮುಂದೆ ಹಾದುಹೋಗುವಾಗ ಎರಡೂ ಕೈಗಳನ್ನು ಜೇಬಿಗಿಳಿಸುತ್ತಾರೆ. ಮುಂದಿನ ವಾರ ಮರೆವಿನ ಡಾಕ್ಟರ ಬಳಿ ಹೋಗಬೇಕಂತೆ, ಅಕ್ಕ ಗೊತ್ತು ಮಾಡಿಟ್ಟಿದ್ದಾಳೆ.

ನನ್ನನ್ನು ಅವಳು ತಡೆದು ನಿಲ್ಲಿಸಿಕೊಂಡಿದ್ದೂ ಅದಕ್ಕೇ. ಮೊನ್ನೆ ಬಸ್ಸಿಳಿದು ಬಂದವನು ಒಂದು ರಾತ್ರಿ ಮಲಗಿ ಮುಂದಕ್ಕೆ ಹೋಗುವವನು, ನನ್ನ ಬದುಕೇ ಹಾಗೆ, ಒಂದೂರಿನ ಅಕ್ಕಿಗಿರಣಿಗೆ ತೂಕದ ಪ್ರೋಗ್ರಾಮು, ಇನ್ನೊಂದೂರಿನ ಮುದ್ರಣಾಲಯಕ್ಕೆ ಇನ್ನೊಂದು, ಕೆಲಸ ಮುಗಿಯುವ ಮೊದಲೇ ಮುಂದಿನ ಬಸ್ಸಿನ ಹೊತ್ತು ಬಾಯಿಪಾಠ; ಬಂದೆಯಾ ಪರದೇಶಿ ಎಂದಳು, ಚೀಲದಿಂದ ಹಸಿರು ಟವೆಲು ತೆಗೆದು ಕೊಟ್ಟೆ, ಪ್ರಯಾಣದಲ್ಲಿ ಕೊಂಡದ್ದು, ಹೊಸದು, ಅವಳು ಅದನ್ನು ಭಟ್ಟಿಯ ಪಕ್ಕದ ಮೊಳೆಗೆ ನೇತುಹಾಕಿ, ಬಾವ ತೊಟ್ಟಿಯ ಕಡೆಗೆ ಹೋಗುವುದನ್ನು ಕಾದು, ದನಿ ತಗ್ಗಿಸಿ, ಲೋ, ನೀನೇ ತಾನೇ ಈ ಭಟ್ಟಿಗೆ ಪ್ರೋಗ್ರಾಮು ಬರೆದವನು, ಬಾಗಿಲು ಯಾವಾಗ ತೆಗೀತಾರೆ ಅಂತ ನನಗೆ ಗೊತ್ತಾಗೋ ಹಾಗೆ ಅದರಲ್ಲಿ ಏನಾದ್ರೂ ಸೇರಿಸಿಕೊಡು, ಅವರಿಗೆ ಹೇಳಬೇಡ. ಗಂಡನನ್ನ ಹಿಡಿಯೋಕೆ ಬಲೆ ಹೆಣೀಬೇಕಾ ಅಕ್ಕ? ಹಿಡಿಯೋಕಲ್ಲ ಕಣೋ, ಹಿಡಿದು ಏನು ಮಾಡಲಿ, ಒಂದೇ ಸಲ ಖಚಿತವಾಗಿ ಗೊತ್ತಾದರೆ ನಾನು ಅವರ ಮೇಲೆ ರೇಗೋದನ್ನ ಬಿಡ್ತೀನಿ, ಕಾಯಿಲೆ ಅಂತ ಒಪ್ಕೋತೀನಿ — ಆಗ ಅವಳ ಕಣ್ಣು ನೋಡಿದೆ, ನಿದ್ರೆ ಮಾಡಿದ ಕಣ್ಣಲ್ಲ. ಆದ್ದರಿಂದ ಇವತ್ತು ಬಲೆ ಹೆಣೆಯಲು ಕುಳಿತೆ, ಪ್ರೋಗ್ರಾಮನ್ನು ತೆರೆದೆ, ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆಗಾರ ಮೊದಲ ಅಧ್ಯಾಯದಲ್ಲೇ ಕಾಫಿ ಕುಡಿಯುತ್ತಾ ಕುಳಿತಿರುತ್ತಾನಲ್ಲ, ಹಾಗೆ, ಮೇಲಿನಿಂದ ಮೂರನೆಯ ಸಾಲಿನಲ್ಲೇ ತಪ್ಪು ಕುಳಿತಿತ್ತು.

ನೂರ ಎಂಬತ್ತು. ಎಷ್ಟು ಸರಳ, ಅಯ್ಯೋ ಎಷ್ಟು ಸರಳ. ತಣಿಯುವ ಮೆಟ್ಟಿಲುಗಳನ್ನು ಭಟ್ಟಿಗೆ ಅಂಕಿಗಳ ಸಾಲಾಗಿ ಕೊಡಬೇಕು, ಐನೂರು, ನಾನೂರೈವತ್ತು, ನಾನೂರು, ಹಾಗೇ ಐವತ್ತರವರೆಗೆ, ಒಂದೊಂದರಲ್ಲೂ ನಿಂತು ನಿಂತು ಇಳಿಯುತ್ತದೆ, ಸಾಲು ಮುಗಿದ ಕೂಡಲೇ ನೆತ್ತಿಯ ಕಿಂಡಿ ತಾನೇ ತೆರೆದು ಪಂಖ ತಿರುಗಿ ಹೊರಗಿನ ತಣ್ಣನೆ ಗಾಳಿಯನ್ನು ಒಳಕ್ಕೆಳೆಯುತ್ತದೆ. ಸಮ ಅಂತರದ ಅಂಕಿಗಳನ್ನು ಒಂದೊಂದಾಗಿ ಯಾರೂ ಬರೆಯುವುದಿಲ್ಲ, ಒಂದು ಆಜ್ಞೆ ಕೊಟ್ಟರೆ ಸಾಲು ತಾನೇ ತುಂಬಿಕೊಳ್ಳುತ್ತದೆ, ಆದರೆ ಆಜ್ಞೆಗಳು ಎರಡಿವೆ. ಎಲ್ಲಿಂದ, ಎಲ್ಲಿಯವರೆಗೆ, ಒಟ್ಟು ಎಷ್ಟು ಅಂಕಿ — ಹೀಗೆ ಕೇಳುವುದು ಒಂದು, ಅದು ಎರಡೂ ತುದಿಗಳನ್ನು ಒಳಗಿಟ್ಟುಕೊಂಡು ನಡುವಿನದನ್ನು ಸಮನಾಗಿ ಹಂಚುತ್ತದೆ, ನಾನು ಬರೆದು ಹೋಗಿದ್ದು ಅದನ್ನು. ಎಲ್ಲಿಂದ, ಎಲ್ಲಿಯವರೆಗೆ, ಸಲಕ್ಕೆ ಎಷ್ಟು ಇಳಿತ — ಹೀಗೆ ಕೇಳುವುದು ಇನ್ನೊಂದು, ಅದು ಮೊದಲ ತುದಿಯನ್ನು ಒಳಗೆ ಕರೆಯುತ್ತದೆ, ಕೊನೆಯ ತುದಿಯನ್ನು ಹೊಸಿಲಿನಾಚೆಯೇ ನಿಲ್ಲಿಸಿ ಬಾಗಿಲು ಹಾಕುತ್ತದೆ, ಅದು ಅದರ ಸ್ವಭಾವ, ಪಳಗಿದವರೂ ಅಲ್ಲಿ ಎಡವುತ್ತಾರೆ. ಅಕ್ಕ ಬದಲಾಯಿಸಿದ್ದಾಳೆ. ಫೋನಿನಲ್ಲಿ ಎಷ್ಟು ಹೆಮ್ಮೆಯಿಂದ ಹೇಳಿದ್ದಳು, ಲೋ ಪರದೇಶಿ, ನಿನ್ನ ಪ್ರೋಗ್ರಾಮನ್ನ ನಾನೇ ರಿಪೇರಿ ಮಾಡಿದೆ ಕಣೋ, ಒಟ್ಟು ಎಷ್ಟು ಅಂಕಿ ಅಂತ ಯಾವನು ಲೆಕ್ಕ ಹಾಕ್ತಾನೆ, ಗಾಜು ಮಾಡೋರು ಐವತ್ತೈವತ್ತು ಇಳಿಸು ಅಂತ ಹೇಳೋದು, ಪುಸ್ತಕ ನೋಡಿ ಕಲಿತೆ; ಭಲೇ ಅಕ್ಕ ಎಂದಿದ್ದೆ, ನಿಜವಾಗಿಯೂ ಸಂತೋಷವಾಗಿತ್ತು, ಐವತ್ತು ದಾಟಿದ ಹೆಂಗಸು ಪುಸ್ತಕ ನೋಡಿ ಕಲಿತಳೆಂದು. ಐನೂರರಿಂದ, ಐವತ್ತರವರೆಗೆ, ಐವತ್ತೈವತ್ತು. ಕಣ್ಣಿಗೆ ಐವತ್ತು ಕಾಣುತ್ತದೆ, ಸ್ಪಷ್ಟವಾಗಿ ಬರೆದಿದೆ, ಸಾಲಿನೊಳಗೆ ಐವತ್ತು ಇಲ್ಲ. ನೂರಕ್ಕೆ ಸಾಲು ಮುಗಿಯುತ್ತದೆ. ನೂರರ ಬಿಸಿಯಲ್ಲಿ ಕಿಂಡಿ ತೆರೆಯುತ್ತದೆ, ಗಾಳಿ ನುಗ್ಗುತ್ತದೆ, ತೆಳ್ಳನೆಯ ತಟ್ಟೆಗಳು ತಡೆದುಕೊಳ್ಳುತ್ತವೆ, ದಪ್ಪ ತಳದ ಬೇಸಿನ್ನು ಒಳಗೊಳಗೇ ಬಿರಿಯುತ್ತದೆ, ಅಕ್ಕ ಹಿಂದಿರುಗುವಷ್ಟರಲ್ಲಿ ಪಂಖ ಎಲ್ಲವನ್ನೂ ತಣಿಸಿಟ್ಟಿರುತ್ತದೆ, ಫಲಕದಲ್ಲಿ ಮೂವತ್ತೋ ನಲವತ್ತೋ, ಎಲ್ಲ ಸರಿಯಾಗಿದೆ, ಮತ್ತು ಭಟ್ಟಿಯ ಮುಂದೆ ಸ್ಟೂಲಿನ ಮೇಲೆ ಏನೂ ಮಾಡದೆ ಕುಳಿತಿರುವ ಒಬ್ಬ ಮನುಷ್ಯ.

ನೂರ ಅರವತ್ತು, ಸಾಕು, ಮೊದಲು ಇದನ್ನು ಉಳಿಸಬೇಕು, ಒಳಗೆ ಬೇಸಿನ್ನಿದೆ, ದಪ್ಪನೆಯದು, ತಳದಲ್ಲಿ ಬಾವ ಕೊರೆದ ಕೊನೆಯ ಮೀನು — ಬೆರಳು ತಾನೇ ಓಡಿತು, ಈಗ ನಡೆಯುತ್ತಿರುವ ಸಾಲಿನ ತುದಿಗೆ ಐವತ್ತನ್ನು ಅಂಟಿಸಿದೆ, ಮೂರನೆಯ ಸಾಲಿನಲ್ಲಿ ಹಳೆಯ ಆಜ್ಞೆಯನ್ನೇ ತಂದಿಟ್ಟೆ, ಮುಗಿಯಿತು, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಗಾಜು ಉಳಿಯಿತು. ಇನ್ನು ಮುಂದೆ ಒಂದೂ ಒಡೆಯುವುದಿಲ್ಲ, ಲ್ಯಾಪ್‌ಟಾಪು ಮುಚ್ಚಿ, ಬಲೆ ಹೆಣೆಯುವುದು ನನ್ನ ಕೈಲಾಗಲಿಲ್ಲ ಅಕ್ಕ ಎಂದು ಹಲ್ಲುಕಿರಿದು, ಸಂಜೆಯ ಬಸ್ಸು ಹತ್ತಿದರೆ ಯಾರ ಮನಸ್ಸಿಗೂ ನೋವಿಲ್ಲ, ಅವಳ ಪುಸ್ತಕದ ಹೆಮ್ಮೆ ಅವಳಿಗಿರುತ್ತದೆ, ಎಂದುಕೊಂಡೆ, ಎದ್ದೂ ನಿಂತೆ, ಆಗ ಹೊಳೆಯಿತು: ಸ್ಟೂಲು ದೂರ ಹೋದಮೇಲೆ ಬೇಸಿನ್ನು ಒಡೆಯುವುದು ನಿಂತಿತು. ಇನ್ನು ಮುಂದೆ ಎಲ್ಲರೂ ಹಾಗೆಂದೇ ಹೇಳುತ್ತಾರೆ. ಅಕ್ಕ ಹೇಳುತ್ತಾಳೆ, ಹೊಲಿಗೆಯಮ್ಮ ಹೇಳುತ್ತಾಳೆ, ಡಾಕ್ಟರು ತಲೆಯಾಡಿಸುತ್ತಾರೆ, ಬಾವನೇ ಎಲ್ಲರಿಗಿಂತ ಮೊದಲು ಹೇಳುತ್ತಾರೆ, ನೋಡಿದೆಯಾ, ನಾನು ದೂರ ಇದ್ದರೆ ಎಲ್ಲ ಚೆನ್ನಾಗಿರುತ್ತೆ. ನಾನು ಬಾಯಿಮುಚ್ಚಿಕೊಂಡು ಸರಿಪಡಿಸಿದ ಒಂದೊಂದು ಬೇಸಿನ್ನೂ ಆ ಮನುಷ್ಯನ ವಿರುದ್ಧ ಸಾಕ್ಷಿ ನುಡಿಯುತ್ತದೆ. ಸಾಣೆಚಕ್ರ ಗರ್ರ್ ಗರ್ರ್, ಹೇಳಬೇಕು, ಹೇಳಿದರೆ ಅಕ್ಕ ಏನಾಗುತ್ತಾಳೆ, ನನ್ನನ್ನು ಎತ್ತಿ ಬೆಳೆಸಿದವಳು, ಅಮ್ಮ ಕಾಯಿಲೆ ಬಿದ್ದಾಗ ನನ್ನ ಜ್ವರದ ಹಣೆಗೆ ಬಟ್ಟೆ ಹಾಕಿದವಳು, ನನ್ನ ಹರಕು ಕಾದಂಬರಿಗಳಿಗೆ ರಟ್ಟು ಹಾಕಿಕೊಟ್ಟವಳು, ಹಳೆಯ ಪುಸ್ತಕದಲ್ಲಿ ಕೊನೆಯ ಹಾಳೆಯೇ ಮೊದಲು ಹರಿಯುವುದು, ಕೊಲೆಗಾರ ಯಾರೆಂದು ತಿಳಿಯದೆ ಅತ್ತರೆ ತಾನೇ ಒಂದು ಕೊನೆ ಕಟ್ಟಿ ಹೇಳುತ್ತಿದ್ದಳು, ಯಾವಾಗಲೂ ಮನೆಯವರಲ್ಲೇ ಒಬ್ಬನನ್ನು ಹಿಡಿದು ಕೊಡುತ್ತಿದ್ದಳು.

ಅಕ್ಕ. ಹೂಂ. ಚಕ್ರ ನಿಲ್ಲಿಸು. ಯಾಕೋ, ಮುಗೀತಾ ನಿನ್ನ ಕೆಲಸ? ನಿಲ್ಲಿಸಕ್ಕಾ. ನಿಲ್ಲಿಸಿದಳು, ಒದ್ದೆ ಕೈಯಲ್ಲೇ ಬಂದಳು, ಅವಳು ಬರೆದಿದ್ದ ಸಾಲನ್ನು ಪಕ್ಕದಲ್ಲಿ ಮತ್ತೆ ಬರೆದು ತೋರಿಸಿದೆ; ಇದರಲ್ಲೇನಿದೆ, ಐವತ್ತು ಅಂತ ಬರೆದಿದ್ದೀನಲ್ಲೋ, ಕಣ್ಣು ಕಾಣಲ್ವಾ ನಿನಗೆ; ಬರೆದಿದ್ದೀಯ, ಸಾಲನ್ನ ಬಿಡಿಸಿ ತೋರಿಸ್ತೀನಿ ಇರು — ಅವಳು ಬರೆದ ಆಜ್ಞೆಯನ್ನು ಹಾಗೆಯೇ ಕೊಟ್ಟೆ, ಅಂಕಿಗಳು ಒಂದರ ಕೆಳಗೊಂದು ಇಳಿದವು, ಇನ್ನೂರು, ನೂರೈವತ್ತು, ನೂರು, ಅಷ್ಟೆ, ಕೆಳಗೆ ಖಾಲಿ. ಅವಳು ಬಗ್ಗಿ ನೋಡಿದಳು, ಕೆಳಗೆ ಇನ್ನೂ ಏನೋ ಬರಬೇಕಿದೆ ಎನ್ನುವಂತೆ ಕಾದಳು, ಬರಲಿಲ್ಲ. ಮುಂದಕ್ಕೆ ಓಡಿಸು. ಅಷ್ಟೇ ಅಕ್ಕ, ಮುಗೀತು. ನೂರಕ್ಕೇನೇ? ನೂರಕ್ಕೇನೇ. ಕಿಂಡಿ? ತೆರೆಯುತ್ತೆ. ಅವಳ ಕೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು, ಲ್ಯಾಪ್‌ಟಾಪಿನ ಅಂಚಿಗೆ ಬಿತ್ತು, ಇಬ್ಬರೂ ಒರೆಸಲಿಲ್ಲ. ಹಾಗಾದ್ರೆ ಅವರು — ಅವರು ತೆಗೀಲಿಲ್ಲ ಅಕ್ಕ, ಯಾವತ್ತೂ ತೆಗೀಲಿಲ್ಲ. ಅವಳು ಅಳುತ್ತಾಳೆಂದುಕೊಂಡೆ, ಬಯ್ಯುತ್ತಾಳೆಂದುಕೊಂಡೆ, ಎರಡೂ ಇಲ್ಲ, ನೆಟ್ಟಗೆ ನಡೆದು ತೊಟ್ಟಿಯ ಬಳಿಗೆ ಹೋದಳು, ಆ ಸ್ಟೂಲಿನ ಮುಂದೆ ನಿಂತಳು, ರೀ ಎಂದಳು, ಎಷ್ಟೋ ದಿನದಿಂದ ಆ ದನಿಯಲ್ಲಿ ಕರೆದಿರಲಿಲ್ಲವೆಂದು ಬಾವನ ಮುಖ ನೋಡಿದರೆ ತಿಳಿಯುತ್ತಿತ್ತು, ರೀ, ತಪ್ಪು ನಂದು, ನಾನು ಬರೆದಿದ್ದು ತಪ್ಪಾಗಿತ್ತು, ಭಟ್ಟಿ ತಾನೇ ಬೇಗ ತೆರ್ಕೊಳ್ತಿತ್ತು, ನೀವು ಬಾಗಿಲು ತೆಗೀಲಿಲ್ಲ.

ಆಗ ಬಾವ ನಕ್ಕರು. ವಾಚಕರೇ, ಆ ನಗುವನ್ನು ನಾನು ಹೇಗೆ ವರ್ಣಿಸಲಿ — ಇಲ್ಲ, ವರ್ಣನೆ ಬೇಡ, ಶಾಲೆಯಲ್ಲಿ ತಪ್ಪು ಉತ್ತರ ಹೇಳಿದ ಮಗುವಿಗೆ ನೋವಾಗಬಾರದೆಂದು ಮೇಷ್ಟರು ನಗುವ ನಗು, ಅಷ್ಟೆ; ಬಿಡೇ, ನನಗೆ ಸಮಾಧಾನ ಮಾಡೋಕೆ ಇಬ್ಬರೂ ಸೇರಿ ಕಥೆ ಕಟ್ಟಿದ್ದೀರಾ, ಇವನೊಬ್ಬ ಕಾದಂಬರಿ ಓದೋನು. ಕಥೆ ಅಲ್ಲ ಬಾವ, ಬನ್ನಿ ತೋರಿಸ್ತೀನಿ. ತೋರಿಸೋದೇನು ಕಣಯ್ಯ, ನನಗೆ ನೆನಪಿದೆಯಲ್ಲ. ಏನು ನೆನಪಿದೆ? ತೆಗೆದಿದ್ದು. ಅಕ್ಕ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಳು. ಬಾವ ವಿವರಿಸಿದರು, ಸಾವಧಾನವಾಗಿ, ಚಿತ್ರ ಬರೆಯುವವರಂತೆ ಮೂಲೆ ಮೂಲೆಯನ್ನೂ ತುಂಬಿಸುತ್ತಾ: ಮೀನು ಹೇಗೆ ಬಂದಿದೆ ಅಂತ ನೋಡೋ ಆಸೆ ಆಯ್ತು, ಹಿಡಿ ಬಿಸಿ ಇತ್ತು, ಆ ಹಸಿರು ಟವೆಲು ಇದೆಯಲ್ಲ, ಅದನ್ನ ಕೈಗೆ ಸುತ್ಕೊಂಡೆ, ತೆಗೆದೆ, ಝಳ ಮುಖಕ್ಕೆ ಹೊಡೀತು, ನೀನು ಬಯ್ತೀಯ ಅಂತ ಪಟ್ಟನೆ ಮುಚ್ಚಿದೆ, ಹೊಲಿಗೆಯಮ್ಮನ ಬೇಸಿನ್ನಿನ ದಿನ. ಹಸಿರು ಟವೆಲು. ಮೊನ್ನೆ ನನ್ನ ಚೀಲದಿಂದ ಇಳಿದ ಟವೆಲು. ಹೊಲಿಗೆಯಮ್ಮನ ಕೈ ಸೀಳಿದಾಗ ಆ ಟವೆಲು ಯಾವ ಊರಿನ ಯಾವ ಅಂಗಡಿಯಲ್ಲಿತ್ತೋ. ಬಾವ, ಅದು ನಾನು ಮೊನ್ನೆ ತಂದಿದ್ದಲ್ವಾ? ಹೌದಾ, ಎಂದರು, ಒಂದು ಕ್ಷಣ ಟವೆಲನ್ನೇ ನೋಡಿದರು, ಹಾಗಾದ್ರೆ ಬೇರೆ ಬಟ್ಟೆ ಇರಬೇಕು, ಆದ್ರೆ ತೆಗೆದಿದ್ದು ನಾನೇ. ಅಕ್ಕ ನೆಲ ನೋಡುತ್ತಾ, ನಾನು ಕೇಳಿ ಕೇಳಿ ಮಾಡಿಸಿದ್ದು ಕಣೋ ಅದು, ದಿನಾ ಕೇಳಿದೆ, ಊಟಕ್ಕೆ ಕೂತಾಗಲೂ ಕೇಳಿದೆ, ಎಂದಳು. ನಿಧಾನವಾಗಿ, ಸಮನಾಗಿ, ಒಂದೊಂದೇ ಮೆಟ್ಟಿಲು ಇಳಿಸಿ, ಇಲ್ಲ ಎನ್ನುವವನನ್ನು ಹೌದು ಎನ್ನುವವನನ್ನಾಗಿ ಮಾಡಿದ್ದಾಳೆ, ಆ ಸಾಲಿಗೆ ಐವತ್ತನ್ನು ಎಲ್ಲಿ ಅಂಟಿಸಲಿ, ಯಾವ ಆಜ್ಞೆಯಿದೆ.

ನೂರು ಬಂತು, ಭಟ್ಟಿ ಅಲ್ಲಿ ನಿಂತು, ಈ ಸಲ ಕಿಂಡಿ ತೆರೆಯದೆ ಮುಂದಕ್ಕೆ ಇಳಿಯಿತು, ಎಂಬತ್ತು, ಎಪ್ಪತ್ತು, ಮೂವರೂ ಎದುರಿಗೆ ನಿಂತಿದ್ದೆವು, ಯಾರೂ ಕಾಫಿಯ ಮಾತೆತ್ತಲಿಲ್ಲ, ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದು ಅಂಕಿಗಳು ಚೆನ್ನಾಗಿ ಕಾಣತೊಡಗಿದವು, ಐವತ್ತು, ಅಲ್ಲಿ ತನ್ನ ಹೊತ್ತು ನಿಂತಿತು, ಆಮೇಲೆ ನೆತ್ತಿಯ ಕಿಂಡಿ ಕಟಕ್ಕೆಂದು ತೆರೆಯಿತು, ಪಂಖ ತಿರುಗಿತು. ಅಕ್ಕ ಸ್ಟೂಲನ್ನು ತಂದು ಅದರ ಹಳೆಯ ಗುರುತುಗಳ ಮೇಲೆ ಇಟ್ಟಳು, ಮೂರು ಕಾಲೂ ಸರಿಯಾಗಿ ಕೂತವು. ನೀವೇ ತೆಗೀರಿ, ಎಂದಳು. ನಾನಾ? ನೀವೇರೀ, ನಿಮ್ಮ ಮೀನು ತಾನೇ. ಬಾವ ಟವೆಲನ್ನು ಮೊಳೆಯಿಂದ ತೆಗೆದು ಎಡಗೈಯಲ್ಲಿ ಹಿಡಿದರು, ಬೇಕಿರಲಿಲ್ಲ, ಹಿಡಿದರು, ಬಲಗೈ ಚಾಚಿದರು — ನಾನು ಅಷ್ಟರಲ್ಲಿ ಒಳಗೆ ಹೋಗಿದ್ದೆ, ಹೋಗಿದ್ದೆನೇ, ಇಲ್ಲ, ಹೊಸಿಲಿನಲ್ಲಿ ನಿಂತು ನೋಡಿದೆ, ಆಮೇಲೆ ಹೋದೆ — ಎರಡು ಅಂಗಿ, ಒಂದು ಪಂಚೆ, ವೈರುಗಳ ಗಂಟು, ರಟ್ಟು ಹರಿದ ಕಾದಂಬರಿ, ಎಲ್ಲವನ್ನೂ ಚೀಲಕ್ಕೆ ತುರುಕಿದೆ, ಹೊರಗೆ ಅಕ್ಕನ ದನಿ, ತೆಗೀರಿ, ಬಾವನ ದನಿ, ಎಷ್ಟಾಗಿದೆ ನೋಡಿ ಹೇಳು, ನಲವತ್ತೊಂದು, ಇನ್ನೊಂದು ಸಲ ನೋಡು, ನಲವತ್ತು ಕಣ್ರೀ, ನೀನು ಇಲ್ಲೇ ಇರ್ತೀಯಲ್ಲ, ಇರ್ತೀನಿ, ಚೀಲ ಹೆಗಲೇರಿತು. ಹೊರಟೆಯೇನೋ, ಎಂದಳು ಅಕ್ಕ ತಿರುಗದೆ. ಹೂಂ ಅಕ್ಕ, ಬಸ್ಸಿದೆ. ಹೋಗು, ನಿನಗೇನಪ್ಪಾ, ಚೀಲ ಹೆಗಲಿಗೆ ಹಾಕಿದ್ರೆ ಆಯ್ತು — ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಬಾಗಿಲು ದಾಟಿದೆ, ಬೀದಿ, ಸೈಕಲ್ ಅಂಗಡಿ, ಯಾರದೋ ಮನೆಯ ಕುಕ್ಕರಿನ ಸೀಟಿ, ಹೆಜ್ಜೆಗಳು ಒಂದೇ ಸಮ ಬೀಳುತ್ತಿವೆ, ಬಸ್ಸು ಸಿಗುತ್ತದೆ, ಕಿಟಕಿಯ ಪಕ್ಕದ ಸೀಟು ಸಿಗುತ್ತದೆ, ಅಷ್ಟರಲ್ಲಿ ತೆಗೆದಿರುತ್ತಾರೆ, ಮೀನು ಬೆಳಕಿಗೆ ಬಂದಿರುತ್ತದೆ, ಈಗ ತೆಗೆದಿರುತ್ತಾರೆ, ಈ ತಿರುವು ದಾಟುವಷ್ಟರಲ್ಲಿ, ಆ ಕಂಬ ದಾಟುವಷ್ಟರಲ್ಲಿ, ಈಗ, ಆದರೆ ನನಗೆ ಕಾಣುವುದು ಅದಲ್ಲ, ಎಡಗೈಯಲ್ಲಿ ಹಸಿರು ಟವೆಲು, ತಣ್ಣಗಿನ ಹಿಡಿ, ಹಿಡಿಗೆ ಒಂದು ಗೇಣು ದೂರದಲ್ಲಿ, ಬೆರಳು ಬಾಗಿ, ಗಾಳಿಯಲ್ಲಿ ನಿಂತ ಕೈ, ಒಂದು ಗೇಣು, ನಿಂತ ಕೈ